ಮಳೆ ಲೆಕ್ಕದ ಪುಸ್ತಕ, ಹನ್ನೊಂದು ಅಂಶಗಳ ಹಾಳೆ: ಒಂದು ಪ್ರಕರಣ ಅಧ್ಯಯನ

ದಕ್ಷಿಣ ಕೊಡಗಿನ ಒಂದು ಸಣ್ಣ ಪೇಟೆಯಲ್ಲಿ ನನ್ನ ಕ್ಲಿನಿಕ್ ಇದೆ. ಇಲ್ಲಿ ಬರೆಯುತ್ತಿರುವುದು ಹದಿನೈದು ತಿಂಗಳು ನಾನು ನೋಡಿಕೊಂಡ ಒಬ್ಬ ಮಹಿಳೆಯ ವಿಷಯ. ಅವರ ಒಪ್ಪಿಗೆ ಪಡೆದಿದ್ದೇನೆ. ವಯಸ್ಸು, ತೋಟದ ವಿಸ್ತೀರ್ಣ, ಮನೆಯವರ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ. ಕ್ಲಿನಿಕ್‌ನಲ್ಲಿ ಅವರನ್ನು ಅಕ್ಕ ಎಂದು ಕರೆಯುವುದು ರೂಢಿ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಇದು ರೋಗಿಯೊಬ್ಬರು ಗೆದ್ದ ಕಥೆಯಲ್ಲ. ಮೊದಲ ನಾಲ್ಕು ತಿಂಗಳು ನಾನು ಕೊಟ್ಟ ಸಲಹೆ ಕಾಗದದ ಮೇಲೆ ಒಪ್ಪವಾಗಿತ್ತು, ಆ ಮನೆಗೆ ಮಾತ್ರ ಹೊಂದುವಂತಿರಲಿಲ್ಲ. ಅದು ಎಲ್ಲಿ ತಪ್ಪಿತು ಎಂಬುದನ್ನು ಬರೆದಿಟ್ಟರೆ ಇತರರಿಗೂ ಉಪಯೋಗವಾದೀತು.

ಮೊದಲ ಭೇಟಿ

ಅಕ್ಕ ಬಂದದ್ದು ಮಾರ್ಚ್ ಮಧ್ಯದಲ್ಲಿ. ರೊಬಸ್ಟಾ ಕೊಯ್ಲು ಮುಗಿದು, ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸಿ ಆಗಿತ್ತು. ಕಾಫಿ ಬೆಳೆಗಾರರಿಗೆ ಮೈ ನೆನಪಾಗುವುದು ಇಂಥ ಬಿಡುವಿನಲ್ಲೇ. ವಯಸ್ಸು ಐವತ್ತಮೂರು. ಗಂಡ ತೀರಿಹೋಗಿ ಮೂರು ವರ್ಷ. ಏಳು ಎಕರೆ ತೋಟವನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಮಗಳು ಬೆಂಗಳೂರಿನಲ್ಲಿದ್ದಾಳೆ. ಮನೆಯಲ್ಲಿ ಜೊತೆಗಿರುವುದು ತೋಟದ ಕೆಲಸಗಾರರ ಲೈನ್ ಮನೆಯಿಂದ ಬಂದು ಹೋಗುವ ಕೆಲಸದ ಹೆಂಗಸು ಮತ್ತು ಎರಡು ನಾಯಿಗಳು.

ಹೇಳಿಕೊಂಡದ್ದು ಮೂರು ತೊಂದರೆ: ಹಗಲೆಲ್ಲ ಸುಸ್ತು, ರಾತ್ರಿ ನಿದ್ದೆಯಿಲ್ಲ, ಮೆಟ್ಟಿಲು ಇಳಿಯುವಾಗ ಮಂಡಿ ನೋವು. ತೂಕ 71 ಕಿಲೋ, ಎತ್ತರ 155 ಸೆಂಟಿಮೀಟರ್, ಸೊಂಟದ ಸುತ್ತಳತೆ 94 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ ಆ ಅಳತೆ 80ರ ಒಳಗಿದ್ದರೆ ಒಳ್ಳೆಯದು. ರಕ್ತದೊತ್ತಡ 152/94. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ 6.3. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು, 6.5 ಮುಟ್ಟಿದರೆ ಮನೆಯೊಳಗೆ ಬಂದಂತೆ. ಥೈರಾಯ್ಡ್, ಹಿಮೋಗ್ಲೋಬಿನ್, ಮೂತ್ರಪಿಂಡ, ಯಕೃತ್ತು ಎಲ್ಲವೂ ಸರಿಯಿದ್ದವು.

"ಮಾತ್ರೆ ಬೇಡ ಡಾಕ್ಟರೇ, ನೈಸರ್ಗಿಕವಾಗಿ ಏನಾದರೂ ಇದ್ದರೆ ಹೇಳಿ" ಎಂದರು. ಎರಡು ವಾರ ಮನೆಯಲ್ಲೇ ರಕ್ತದೊತ್ತಡ ಅಳೆದು ಬರೆದು ತರಲು ಹೇಳಿದೆ. ಅಲ್ಲಿಯೂ 145ರ ಮೇಲೆಯೇ ಇತ್ತು. ದಿನಕ್ಕೊಂದು ಅಮ್ಲೋಡಿಪಿನ್ 5 ಮಿಲಿಗ್ರಾಂ ಮಾತ್ರೆ ಬರೆದುಕೊಟ್ಟೆ. ಸಕ್ಕರೆಗೆ ಮಾತ್ರೆ ಕೊಡಲಿಲ್ಲ. ಈ ಹಂತದಲ್ಲಿ ಊಟ, ನಡಿಗೆ ಬದಲಿಸಿದರೆ ಮಧುಮೇಹವನ್ನು ತಡೆಯಬಹುದು ಅಥವಾ ಮುಂದಕ್ಕೆ ಹಾಕಬಹುದು ಎಂಬುದು ಬರಿಯ ನಂಬಿಕೆಯಲ್ಲ. 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಹೊಸ್ತಿಲಲ್ಲಿದ್ದವರ ಪೈಕಿ ಜೀವನಕ್ರಮ ಬದಲಿಸಿಕೊಂಡವರಿಗೆ ಮಧುಮೇಹ ಬರುವ ಸಾಧ್ಯತೆ ಶೇಕಡ 28ರಷ್ಟು ಕಡಿಮೆಯಾಗಿತ್ತು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ.

ಹನ್ನೊಂದು ಅಂಶಗಳ ಹಾಳೆ

ಇಲ್ಲಿಂದ ನನ್ನ ತಪ್ಪು ಶುರುವಾಯಿತು. ಅಕ್ಕ ಬರುವಾಗಲೇ ಆರು ಅಭ್ಯಾಸಗಳನ್ನು ಇಟ್ಟುಕೊಂಡಿದ್ದರು. ಮಗಳು ಮತ್ತು ನೆಂಟರು ಮೊಬೈಲ್‌ಗೆ ಕಳುಹಿಸಿದವು. ಎದ್ದ ಕೂಡಲೇ ಬಿಸಿನೀರಿಗೆ ನಿಂಬೆರಸ, ಒಂದು ದೊಡ್ಡ ಚಮಚ ಜೇನುತುಪ್ಪ. ನೆನೆಸಿದ ಮೆಂತ್ಯದ ನೀರು. ನೆಲ್ಲಿಕಾಯಿ ರಸ, ಅದಕ್ಕೂ ಜೇನು. ಕೊರೋನಾ ಕಾಲದಿಂದ ಬಿಡದೆ ಅಮೃತಬಳ್ಳಿ. ರಾತ್ರಿ ಅರಿಶಿನದ ಹಾಲು. ಊಟವಾದ ಮೇಲೆ ಓಮದ ನೀರು. "ಇವುಗಳಿಂದ ಕೆಟ್ಟದ್ದೇನೂ ಆಗುವುದಿಲ್ಲ, ಮುಂದುವರಿಸಿ" ಎಂದೆ. ಹೊರಗೆ ಆರೇಳು ಜನ ಕಾಯುತ್ತಿದ್ದರು, ವಾದಕ್ಕೆ ಹೊತ್ತಿರಲಿಲ್ಲ.

ಅದರ ಮೇಲೆ ನನ್ನ ಮೇಜಿನ ಡ್ರಾಯರ್‌ನಲ್ಲಿ ಸದಾ ಇರುತ್ತಿದ್ದ ಒಂದು ಹಾಳೆ ಕೊಟ್ಟೆ. ಬೆಳಿಗ್ಗೆ ಐದೂವರೆಗೆ ಎದ್ದು ನಲವತ್ತೈದು ನಿಮಿಷ ನಡಿಗೆ, ಪ್ರಾಣಾಯಾಮ, ಅಕ್ಕಿ ಬದಲು ಸಿರಿಧಾನ್ಯ, ರಾತ್ರಿ ಏಳಕ್ಕೆ ಊಟ, ಹತ್ತಕ್ಕೆ ನಿದ್ದೆ ಎಂದು ಹನ್ನೊಂದು ಅಂಶಗಳು. ಯಾವ ಊರಿನ ಯಾವ ಮನುಷ್ಯನಿಗೆ ಕೊಟ್ಟರೂ ತಪ್ಪು ಎನ್ನಲಾಗದ ಹಾಳೆ ಅದು, ಹಾಗಾಗಿ ಯಾರಿಗೂ ಸರಿಯಾಗಿ ಹೊಂದದ ಹಾಳೆಯೂ ಹೌದು. ಅವರ ಆರು, ನನ್ನ ಹನ್ನೊಂದು: ದಿನಕ್ಕೆ ಹದಿನೇಳು ಕೆಲಸ. ಮಗಳು ಇದರ ಜೊತೆಗೆ ಹೆಜ್ಜೆ ಎಣಿಸುವ ಕೈಗಡಿಯಾರ ತಂದುಕೊಟ್ಟಳು, ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲೇಬೇಕೆಂದು. ಆ ಹತ್ತು ಸಾವಿರದ ಲೆಕ್ಕ 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆಮಾಪಕದ ಹೆಸರಿನಿಂದ ಹಬ್ಬಿದ್ದು. ಅದಕ್ಕಿಂತ ಕಡಿಮೆ ನಡೆದರೆ ಲಾಭವಿಲ್ಲ ಎಂದು ವೈದ್ಯಶಾಸ್ತ್ರ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕಾದ ಚಟುವಟಿಕೆ.

ಆನೆ, ಆಮೇಲೆ ಮಳೆ

ಏಪ್ರಿಲ್ ಪೂರ್ತಿ ಅಕ್ಕ ಹದಿನೇಳನ್ನೂ ಮಾಡಿದರು. ತೂಕ ಒಂದೂವರೆ ಕಿಲೋ ಇಳಿಯಿತು. ನಾನು ಬೀಗಿದೆ.

ಮೇ ಎರಡನೇ ವಾರ, ಬೆಳಿಗ್ಗೆ ಐದೂಮುಕ್ಕಾಲು. ತೋಟದ ದಾರಿಯಲ್ಲಿ ನಡೆಯುತ್ತಿದ್ದಾಗ ನಾಯಿಗಳು ಒಮ್ಮೆಲೇ ಹಿಂದಕ್ಕೆ ಓಡಿಬಂದವು. ಟಾರ್ಚ್ ಬಿಟ್ಟರೆ ಮೂವತ್ತು ಮಾರು ದೂರದ ಹಲಸಿನ ಮರದಡಿ ಒಂಟಿ ಸಲಗ. ಹಣ್ಣು ತಿನ್ನುವುದರಲ್ಲಿ ಮುಳುಗಿದ್ದರಿಂದ ತಿರುಗಿ ನೋಡಲಿಲ್ಲ. ಅಕ್ಕ ಟಾರ್ಚ್ ಆರಿಸಿ, ಹಿಮ್ಮುಖವಾಗಿಯೇ ಹೆಜ್ಜೆ ಇಟ್ಟು ತಿರುವು ದಾಟಿ ಮನೆ ಸೇರಿದರು.

ಕೊಡಗಿನಲ್ಲಿ ಬದುಕುವ ವೈದ್ಯನಿಗೆ ಇದು ಹೊಳೆಯಬೇಕಿತ್ತು. ಹಲಸು ಹಣ್ಣಾಗುವ ತಿಂಗಳುಗಳಲ್ಲಿ ಆನೆಗಳು ರಾತ್ರಿ ತೋಟದಲ್ಲೇ ಇದ್ದು, ಬೆಳಕು ಹರಿಯುವ ಹೊತ್ತಿಗೆ ಕಾಡಿನ ಕಡೆಗೆ ಹೊರಡುತ್ತವೆ. ಆ ಹೊತ್ತಿಗೇ ನಾನು ಒಬ್ಬ ಒಂಟಿ ಹೆಂಗಸನ್ನು ತೋಟದ ದಾರಿಗೆ ಕಳುಹಿಸಿದ್ದೆ! ಮುಂಜಾನೆಯ ನಡಿಗೆ ಎಂಬ ಸಲಹೆ ಹುಟ್ಟಿದ್ದು ಉದ್ಯಾನಗಳಿರುವ ಊರುಗಳಲ್ಲಿ. ಅದನ್ನು ಹಾಗೆಯೇ ಹಾಳೆಗೆ ಇಳಿಸಿದವನು ನಾನು.

ನಡಿಗೆಯನ್ನು ಸಂಜೆಗೆ ಬದಲಿಸಿದೆವು. ಜೂನ್ ಬಂತು. ಮಳೆ ಹಿಡಿದರೆ ಇಲ್ಲಿ ಹೊತ್ತು ನೋಡಿ ಸುರಿಯುವುದಿಲ್ಲ. ಕೆಸರು, ಜಿಗಣೆ, ಐದಕ್ಕೇ ಕತ್ತಲು. ನಡಿಗೆ ನಿಂತಿತು. ಡಬ್ಬಿಯಲ್ಲಿಟ್ಟ ನವಣೆ, ಸಾಮೆಗೆ ತಂಡಿ ತಗುಲಿ ಮುಗ್ಗಲು ವಾಸನೆ ಬಂದು ಕೋಳಿಗಳ ಪಾಲಾದವು. ಮೂರು ಹೊತ್ತೂ ಅಕ್ಕಿ ಮರಳಿ ಬಂತು: ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕಡಂಬುಟ್ಟು ಇಲ್ಲವೇ ನೂಪುಟ್ಟು. ನಾನು ಅವರ ಕಾರ್ಡಿನಲ್ಲಿ ಬರೆದ ಸಾಲು ಈಗಲೂ ಇದೆ: "ಸಲಹೆ ಪಾಲಿಸುತ್ತಿಲ್ಲ. ಶಿಸ್ತು ಕಡಿಮೆ."

ಕಷಾಯ

ಜುಲೈ ಕೊನೆಯ ವಾರ ಕೆಲಸದ ಹೆಂಗಸು ಅಕ್ಕನನ್ನು ಆಟೋದಲ್ಲಿ ಕರೆತಂದಳು. ತಲೆ ಸಿಡಿಯುವ ನೋವು, ಕಾಲಿನಲ್ಲಿ ಸ್ವಲ್ಪ ಊತ, ಸ್ನಾಯುಗಳಲ್ಲಿ ಬಲವಿಲ್ಲ. ರಕ್ತದೊತ್ತಡ 172/104. ಪೊಟ್ಯಾಸಿಯಂ 3.3 ಬಂತು, 3.5ಕ್ಕಿಂತ ಕೆಳಗಿಳಿಯಬಾರದು.

ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದೆ. ಅಕ್ಕ ಕೆಲಸದ ಹೆಂಗಸಿನ ಮುಖ ನೋಡಿದರು. ಅವಳೇ ಹೇಳಿದಳು: ಮಾತ್ರೆ ಬಿಟ್ಟು ಮೂರು ವಾರ ಆಗಿತ್ತು. ಮಳೆಗೆ ಕೆಮ್ಮು ಹಿಡಿದು, ಪೇಟೆಯಿಂದ ಕಷಾಯದ ಪುಡಿ ತರಿಸಿ ದಿನಕ್ಕೆ ಮೂರು ನಾಲ್ಕು ಲೋಟ ಕುಡಿಯುತ್ತಿದ್ದರು. "ಕಷಾಯ ಇದೆಯಲ್ಲ, ಮಾತ್ರೆ ಯಾಕೆ ಎಂದು ಬಿಟ್ಟೆ. ಅದು ಬಿಪಿಗೂ ಒಳ್ಳೆಯದು ಎಂದು ಯಾರೋ ಕಳುಹಿಸಿದ್ದರು" ಎಂದು ಅಕ್ಕ ತಗ್ಗಿದ ದನಿಯಲ್ಲಿ ಹೇಳಿದರು.

ಪುಡಿಯ ಪೊಟ್ಟಣ ತರಿಸಿ ಓದಿದೆ. ಒಣಶುಂಠಿ, ಕಾಳುಮೆಣಸು, ಕೊತ್ತಂಬರಿ, ಮತ್ತು ಮೇಲಿನ ಸಾಲಿನಲ್ಲೇ ಅತಿಮಧುರ. ಜ್ಯೇಷ್ಠಮಧು ಎಂದೂ ಕರೆಯುವ ಈ ಸಿಹಿ ಬೇರು ಗಂಟಲಿಗೆ ಹಿತ, ನಿಜ. ಆದರೆ ಅದರಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶ ಹೆಚ್ಚಾದರೆ ಮೈ ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೊಟ್ಯಾಸಿಯಂ ಕಳೆದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ. ಮೇಲಾಗಿ ಅದು ಒಣಮೀನಿನ ಕಾಲ. ಮಳೆಗಾಲದಲ್ಲಿ ನಮ್ಮ ಅಡುಗೆಮನೆಗಳಲ್ಲಿ ಉಪ್ಪಿನಕಾಯಿ, ಒಣಮೀನು ಇಲ್ಲದ ದಿನವಿಲ್ಲ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುವ ಲೆಕ್ಕ ಅಲ್ಲಿ ಎಂದೋ ದಾಟಿರುತ್ತದೆ. ಮಾತ್ರೆ ನಿಂತದ್ದು, ಅತಿಮಧುರ, ಒಣಮೀನು, ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾರೆ. ಮೂರನ್ನೂ ಒಟ್ಟಿಗೆ ಸರಿಪಡಿಸಿದೆವು. ಮೂರು ವಾರದಲ್ಲಿ ರಕ್ತದೊತ್ತಡ 138/86ಕ್ಕೆ ಇಳಿಯಿತು, ಪೊಟ್ಯಾಸಿಯಂ 4.1 ಆಯಿತು.

ಅಮೃತಬಳ್ಳಿಯನ್ನೂ ಅಂದೇ ನಿಲ್ಲಿಸಿದೆ. ಅದನ್ನು ಬಹುಕಾಲ ಸೇವಿಸಿದ ಕೆಲವರಿಗೆ ಯಕೃತ್ತಿನ ತೊಂದರೆಯಾದುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಅಕ್ಕನಿಗೆ ಅದನ್ನು ವರ್ಷಗಟ್ಟಲೆ ಕುಡಿಯಲು ಕಾರಣವಿರಲಿಲ್ಲ. ಕೆಟ್ಟದ್ದೇನೂ ಆಗುವುದಿಲ್ಲ ಎಂದು ಮಾರ್ಚ್‌ನಲ್ಲಿ ನಾನು ಹೇಳಿದ ಮಾತಿನಿಂದಲೇ ಕಷಾಯಕ್ಕೂ ಬಾಗಿಲು ತೆರೆದಿತ್ತು. ಗಿಡಮೂಲಿಕೆ ಎಂದರೆ ಪ್ರಶ್ನೆಯೇ ಬೇಡ ಎಂಬ ಭಾವ ಅವರಲ್ಲಿ ಇದ್ದುದರಲ್ಲಿ ನನ್ನ ಪಾಲೂ ಇದೆ.

ನಿನ್ನೆಯ ದಿನ

ಆ ದಿನ ಮಳೆ ಜೋರಾಗಿದ್ದರಿಂದ ಬೇರೆ ರೋಗಿಗಳಿರಲಿಲ್ಲ. ಒತ್ತಡ ಸ್ವಲ್ಪ ಇಳಿಯುವವರೆಗೆ ಅಕ್ಕನನ್ನು ಒಳಗೇ ಮಲಗಿಸಿದ್ದೆ. ಹೊತ್ತು ಕಳೆಯಲು ಕೇಳಿದೆ: "ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ, ಸುಮ್ಮನೆ ಹೇಳಿ." ಏನು ಮಾಡಬೇಕು ಎಂದು ಹೇಳಿದ್ದೆನೇ ಹೊರತು ಅವರ ದಿನ ಹೇಗಿರುತ್ತದೆ ಎಂದು ನಾಲ್ಕು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಸುಮಾರು ನಲವತ್ತು ನಿಮಿಷ ಹೇಳಿದರು. ನಾಲ್ಕೂವರೆಗೆ ಎಚ್ಚರ. ಬೆಲ್ಲದ ಕಾಫಿ. ಹಾಲು ಬಂದ ಮೇಲೆ ಇನ್ನೊಂದು. ತಿಂಡಿಯ ಜೊತೆ ಇನ್ನೊಂದು. ಕೆಲಸದವರಿಗೆ ಹನ್ನೊಂದಕ್ಕೆ ಕಾಫಿ ಕೊಡುವಾಗ ತಾನೂ ಒಂದು ಲೋಟ. ಸಂಜೆ ಐದೂವರೆಗೆ, ಮಳೆ ನೋಡುತ್ತಾ, ಜಗಲಿಯಲ್ಲಿ ಕೂತು ಒಂದು. ಗಂಡ ಇದ್ದಾಗ ಇಬ್ಬರೂ ಕೂತು ಕುಡಿಯುತ್ತಿದ್ದದ್ದು ಅದು. ರಾತ್ರಿ ಟಿವಿ ನೋಡುತ್ತಾ ಒಂಬತ್ತೂವರೆಗೆ ಊಟ, ಹತ್ತೂಕಾಲಿಗೆ ಹಾಸಿಗೆ. ಆಮೇಲೆ ಮೊಬೈಲ್: ಊರಿನ ಆನೆ ಸುದ್ದಿಯ ಗುಂಪಿನಲ್ಲಿ ರಾತ್ರಿಯೆಲ್ಲ ಸಂದೇಶ. ಕೆರೆ ಹತ್ತಿರ ಎರಡು, ಶಾಲೆಯ ಹಿಂದೆ ಮರಿ ಸಮೇತ ಮೂರು. ಒಂದೊಂದು ಸದ್ದಿಗೂ ಎದ್ದು ನೋಡುವುದು.

"ತಿಂಗಳಿಗೆ ಕಾಫಿಗೆ ಎಷ್ಟು ಬೆಲ್ಲ ಬೇಕು?" ಎಂದೆ. ಚಮಚದ ಲೆಕ್ಕ ಕೇಳಿದ್ದರೆ ತಪ್ಪು ಉತ್ತರ ಬರುತ್ತಿತ್ತು, ತಿಂಗಳ ಸಾಮಾನಿನ ಲೆಕ್ಕ ಯಾವ ಮನೆಯೊಡತಿಗೂ ಬಾಯಿಪಾಠ. "ನನ್ನ ಪಾಲಿನದು ಒಂದೂವರೆ ಕಿಲೋ ಇರಬಹುದು." ದಿನಕ್ಕೆ 50 ಗ್ರಾಂ. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ, ಅದು ದಿನಕ್ಕೆ ಎರಡು ಸಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸೇರಿಸಿದ ಸಿಹಿ ದಿನಕ್ಕೆ 25 ಗ್ರಾಂ ಒಳಗಿದ್ದರೆ ಉತ್ತಮ, ಜೇನನ್ನೂ ಆ ಲೆಕ್ಕಕ್ಕೇ ಹಿಡಿಯಬೇಕು. ಅಕ್ಕ ಅದರ ಮೂರು ಪಟ್ಟು ದಾಟಿದ್ದರು, ಅದರಲ್ಲಿ ಜೇನಿನ ಪಾಲು ಆರೋಗ್ಯದ ಹೆಸರಿನಲ್ಲಿ. ಕೊಡಗಿನ ಜೇನು ಎಷ್ಟೇ ಹೆಸರುವಾಸಿಯಾದರೂ ರಕ್ತಕ್ಕೆ ಇಳಿದ ಮೇಲೆ ಅದೂ ಸಕ್ಕರೆಯೇ, ಬೆಲ್ಲವೂ ಸಕ್ಕರೆಯೇ.

ಇಷ್ಟೆಲ್ಲ ಹೇಳುವಾಗ ನಡುವೆ ಒಂದು ಮಾತು ಬಂತು. "ಏಳು ಗಂಟೆಗೆ ಮಳೆ ಅಳೆದು ಬರೆಯುತ್ತೇನೆ. ಇವತ್ತು ಮೂರು ಇಂಚು ಹತ್ತು ಸೆಂಟ್ ಇತ್ತು."

ಕೊಡಗಿನ ತೋಟಗಳಲ್ಲಿ ಇದು ಹೊಸತಲ್ಲ. ಅಂಗಳದಲ್ಲೊಂದು ಮಳೆಮಾಪಕ, ಇಂಚು ಸೆಂಟ್‌ಗಳಲ್ಲಿ (ನೂರು ಸೆಂಟ್ ಸೇರಿದರೆ ಒಂದು ಇಂಚು) ಬರೆದಿಟ್ಟ ಲೆಕ್ಕದ ಪುಸ್ತಕ. ಈ ಮನೆಯ ಪುಸ್ತಕ ಮಾವನ ಕಾಲದ್ದು. ಆಮೇಲೆ ಗಂಡ ಬರೆದರು. ಅವರು ತೀರಿಕೊಂಡ ಮರುದಿನದಿಂದ ಅಕ್ಕ ಬರೆಯುತ್ತಿದ್ದಾರೆ. ಮಳೆಯಿಲ್ಲದ ದಿನವೂ ಹೋಗಿ ನೋಡಿ "ಇಲ್ಲ" ಎಂದು ಬರೆಯಬೇಕು. ಜ್ವರ ಬಂದ ದಿನವೂ ಬಿಟ್ಟಿಲ್ಲ ಎಂದರು.

ಕಾರ್ಡಿನಲ್ಲಿದ್ದ "ಶಿಸ್ತು ಕಡಿಮೆ" ಎಂಬ ಸಾಲು ನನ್ನ ಕಣ್ಣೆದುರೇ ಇತ್ತು. ಮೂರು ವರ್ಷ ಒಂದು ದಿನವೂ ತಪ್ಪದೆ ಒಂದು ಕೆಲಸ ಮಾಡಿದವರ ಬಗ್ಗೆ ಅದನ್ನು ಬರೆದಿದ್ದೆ. ಪೆನ್ನಿನಿಂದ ಗೀಚಿ ಹಾಕಿದೆ. ಅಕ್ಕ ನೋಡಿದರು, ಏನೆಂದು ಕೇಳಲಿಲ್ಲ.

ಕಳೆಯುವ ಕೆಲಸ

ಮುಂದಿನ ಭೇಟಿಯಲ್ಲಿ ಹಾಳೆಯನ್ನು ವಾಪಸ್ ತೆಗೆದುಕೊಂಡೆ. ಹೊಸದಾಗಿ ಏನು ಮಾಡಬೇಕು ಎನ್ನುವುದಕ್ಕೆ ಮೊದಲು ಏನೇನು ಬಿಡಬಹುದು ಎಂದು ಕೂತು ನೋಡಿದೆವು. ಜೇನು, ಕಷಾಯ, ಅಮೃತಬಳ್ಳಿ, ಓಮದ ನೀರು, ಕೈಗಡಿಯಾರ, ಸಿರಿಧಾನ್ಯ ಎಲ್ಲ ಹೋದವು. ನೆಲ್ಲಿಕಾಯಿಯನ್ನು ರಸ ಮಾಡದೆ ಹಾಗೆಯೇ ಕಚ್ಚಿ ತಿನ್ನುವುದು ಎಂದಾಯಿತು. ಮೆಂತ್ಯ ಅವರಿಗೆ ಇಷ್ಟ, ಅದನ್ನು ಉಳಿಸಿಕೊಂಡೆವು. "ಇಷ್ಟು ಬಿಟ್ಟರೆ ಆರೋಗ್ಯ ಕೆಡುವುದಿಲ್ಲವೇ?" ಎಂದು ಅವರು ಕೇಳಿದ್ದರಲ್ಲಿ ತಮಾಷೆ ಇರಲಿಲ್ಲ. ಆ ಒಂದೊಂದು ಲೋಟದ ಹಿಂದೆ ದೂರದಲ್ಲಿರುವ ಮಗಳ ಕಾಳಜಿ ಇತ್ತು. ಮಗಳಿಗೆ ನಾನೇ ಫೋನ್ ಮಾಡಿ ವಿವರಿಸಿದೆ. ಆಕೆ ಸಂದೇಶ ಕಳುಹಿಸುವುದನ್ನು ನಿಲ್ಲಿಸಿ ರಾತ್ರಿ ಏಳೂವರೆಗೆ ಕರೆ ಮಾಡತೊಡಗಿದಳು. ಊಟ ಬೇಗ ಮುಗಿಯಲು ನನ್ನ ಯಾವ ಉಪದೇಶಕ್ಕಿಂತ ಈ ಕರೆ ಹೆಚ್ಚು ಕೆಲಸ ಮಾಡಿತು: "ಊಟ ಆಯಿತಾ ಅವ್ವ?" ಎಂದು ಆಕೆ ಕೇಳುವ ಹೊತ್ತಿಗೆ ಆಗಿರಬೇಕಿತ್ತಲ್ಲ.

ಉಳಿದದ್ದನ್ನು, ದಿನದಲ್ಲಿ ಮೊದಲೇ ನೆಟ್ಟು ನಿಂತಿರುವ ಕೆಲಸಗಳಿಗೆ ಕಟ್ಟಿದೆವು. ಏಳಕ್ಕೆ ಮಳೆ ಅಳೆದು ಬಂದ ಕೂಡಲೇ ರಕ್ತದೊತ್ತಡದ ಮಾತ್ರೆ. ಮಾತ್ರೆಯ ಡಬ್ಬಿ ಮಳೆ ಪುಸ್ತಕದ ಮೇಲೆಯೇ ಕೂರುತ್ತದೆ. ಅದನ್ನು ಎತ್ತದೆ ಪುಸ್ತಕ ತೆರೆಯಲಾಗದು. ಅಲ್ಲಿಂದ ಇಲ್ಲಿಯವರೆಗೆ ತಪ್ಪಿದ ಮಾತ್ರೆ ನಾಲ್ಕು.

ನಡಿಗೆಗೆ ಜಾಗ ಹುಡುಕಿಕೊಟ್ಟವಳು ಕೆಲಸದ ಹೆಂಗಸು. ಮಳೆಗಾಲದಲ್ಲಿ ಕಾಫಿ ಮಾರಿ ಮುಗಿದು ಗೋದಾಮು ಖಾಲಿ ಇರುತ್ತದೆ. ಐವತ್ತು ಅಡಿ ಉದ್ದ, ಸಿಮೆಂಟು ನೆಲ, ಮೇಲೆ ಹೆಂಚು. ತಿಂದ ಮೇಲೆ ಹತ್ತು ನಿಮಿಷ, ದಿನಕ್ಕೆ ಮೂರು ಸಲ, ಇಬ್ಬರೂ ಮಾತಾಡುತ್ತಾ ಆಚೆಯಿಂದ ಈಚೆಗೆ. ಊಟವಾದ ಕೂಡಲೇ ನಡೆದರೆ ಸ್ನಾಯುಗಳು ರಕ್ತದ ಸಕ್ಕರೆಯನ್ನು ಆಗಲೇ ಬಳಸಿಕೊಳ್ಳುತ್ತವೆ. ಸಕ್ಕರೆ ಏರುವ ಹೊತ್ತೂ ಅದೇ ಆದ್ದರಿಂದ ಮುಂಜಾನೆಯ ಒಂದೇ ಉದ್ದ ನಡಿಗೆಗಿಂತ ಇದು ಅಕ್ಕನಂಥವರಿಗೆ ಒಳ್ಳೆಯದೇ. ಮಳೆ ಬಿಟ್ಟ ದಿನ ಕಾಫಿ ಒಣಗಿಸುವ ಕಣದಲ್ಲಿ ಹತ್ತು ಸುತ್ತು. ಅನ್ನಕ್ಕೆ ನೀರು ಕುದಿಯುವವರೆಗೆ ಅಡುಗೆಮನೆಯ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು, ಅದು ಮಂಡಿಗೆ.

ಊಟದಲ್ಲಿ ಅಕ್ಕಿಯನ್ನು ಓಡಿಸುವ ಹಟ ಬಿಟ್ಟೆ. ನಾಲ್ಕು ರೊಟ್ಟಿಯ ಜಾಗದಲ್ಲಿ ಎರಡು, ಜೊತೆಗೆ ಮೊಟ್ಟೆ ಅಥವಾ ಹೆಸರುಕಾಳಿನ ಪಲ್ಯ. ಮಧ್ಯಾಹ್ನ ತಟ್ಟೆಯಲ್ಲಿ ಮೊದಲು ಪಲ್ಯ, ಸಾರಿನ ಕಾಳು, ಆಮೇಲೆ ಅನ್ನ. ಮಳೆಗಾಲದ ಕೊಡಗಿಗೆ ಸೊಪ್ಪು ತರಕಾರಿ ಹೊರಗಿನಿಂದ ಬರಬೇಕಾಗಿಲ್ಲ: ಕೆಸುವಿನ ಎಲೆ, ತೆರ್ಮೆ ಸೊಪ್ಪು, ನೀರಿನಲ್ಲಿ ನೆನೆಸಿ ವಿಷ ತೆಗೆದ ಕಣಿಲೆ (ಎಳೆ ಬಿದಿರು), ಅಣಬೆ, ಎಲ್ಲವೂ ಹಿತ್ತಲಿನಿಂದ ಹಿಡಿದು ತೋಟದವರೆಗೆ ಸಿಗುತ್ತವೆ. ಹಂದಿ ಕರಿ ವಾರಕ್ಕೊಮ್ಮೆ ಇರಲಿ ಎಂದೆ. ಒಣಮೀನು ಮಾತ್ರ ತಿಂಗಳಿಗೆರಡು ಸಲಕ್ಕೆ ಇಳಿಯಿತು, ಅದಕ್ಕೆ ಇವತ್ತಿಗೂ ಬೇಸರವಿದೆ.

ಕಷ್ಟವಾದದ್ದು ಕಾಫಿ. ಐದು ಲೋಟವನ್ನು ಮೂರಕ್ಕೆ ಇಳಿಸಿದರು, ಬೆಲ್ಲವನ್ನು ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕುಗ್ಗಿಸಿದರು. ಸಂಜೆಯ ಕಾಫಿಯನ್ನು ಮುಟ್ಟಲು ಒಪ್ಪಲಿಲ್ಲ. ಕೆಫೀನಿನ ಅರ್ಧ ಭಾಗ ಕರಗಲು ಸುಮಾರು ಐದು ಗಂಟೆ ಬೇಕು, ಐದೂವರೆಗೆ ಕುಡಿದದ್ದರ ಅರ್ಧ ರಾತ್ರಿ ಹತ್ತೂವರೆಗೂ ಮೈಯಲ್ಲಿರುತ್ತದೆ ಎಂದು ವಿವರಿಸಿದೆ. "ಆ ಕಾಫಿಯಲ್ಲಿ ಇರುವುದು ಕೆಫೀನ್ ಅಲ್ಲ ಡಾಕ್ಟರೇ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೂರುವುದು ಬೇಡ ಎನ್ನಲಿಲ್ಲ, ಲೋಟದಲ್ಲಿ ಏನಿರಬೇಕು ಎಂದಷ್ಟೇ ಯೋಚಿಸೋಣ ಎಂದೆ. ಶುಂಠಿ ನೀರು ಹಿಡಿಸಲಿಲ್ಲ. ಒಂದು ತಿಂಗಳ ನಂತರ ತಾವಾಗಿಯೇ ಏಲಕ್ಕಿ ಸಿಪ್ಪೆ ಕುದಿಸಿದ ನೀರಿಗೆ ಬಂದರು. ಅದೇ ಜಗಲಿ, ಅದೇ ಕುರ್ಚಿ, ಅದೇ ಲೋಟ.

ಬರೆದಿಡುವ ವಿಷಯದಲ್ಲಿಯೂ ನಾನು ಎಡವಿದೆ. ಮಳೆ ಪುಸ್ತಕದಲ್ಲೇ ಒಂದು ಕಾಲಂ ಎಳೆದು ನಡಿಗೆ, ನಿದ್ದೆ ಬರೆಯಿರಿ ಎಂದೆ. "ಮಳೆಯ ಪುಸ್ತಕದಲ್ಲಿ ನನ್ನ ಕಾಯಿಲೆ ಬೇಡ" ಎಂದು ಕಡ್ಡಿ ಮುರಿದಂತೆ ಹೇಳಿದರು. ಬೇರೆ ಒಂದು ನೋಟ್‌ಪುಸ್ತಕ ಅದರ ಪಕ್ಕದಲ್ಲಿ ಬಂದು ಕೂತಿತು. ಪೆನ್ಸಿಲ್ ಮಾತ್ರ ಎರಡಕ್ಕೂ ಒಂದೇ.

ಕೊಯ್ಲಿನ ತಿಂಗಳುಗಳು

ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಹೇಳುವಂಥದ್ದೇನೂ ನಡೆಯಲಿಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಎರಡು ದಿನ ತಪ್ಪಿತು, ಮೂರನೆಯ ದಿನ ಮರಳಿತು. ತೂಕ 68ಕ್ಕೆ ಇಳಿಯಿತು.

ಪುತ್ತರಿ ಹಬ್ಬ ಕಳೆದು ಕೊಯ್ಲು ಶುರುವಾದ ಮೇಲೆ ಎಲ್ಲ ಏರುಪೇರಾಯಿತು. ಕಣದ ತುಂಬ ಕಾಫಿ, ಗೋದಾಮಿನ ತುಂಬ ಚೀಲ: ನಡೆಯುವ ಎರಡೂ ಜಾಗ ಮಾಯ. ಸಂಜೆ ಹಣ್ಣು ತೂಗಿ, ಕೂಲಿ ಲೆಕ್ಕ ಬರೆದು ಏಳುವಾಗ ಎಂಟೂವರೆ. ಊಟ ಹತ್ತಕ್ಕೆ ಹೋಯಿತು. ಜನವರಿಯಲ್ಲಿ ಹತ್ತಿರದ ನೆಂಟರ ಸಾವು, ಹನ್ನೊಂದು ದಿನ ಅಲ್ಲಿಯೇ ಇದ್ದರು. ಕಾಫಿ ಮತ್ತೆ ಐದು ಲೋಟ. ಫೆಬ್ರವರಿಯಲ್ಲಿ ಬಂದಾಗ "ಎಲ್ಲ ಹಾಳಾಯಿತು, ಮೊದಲಿನಿಂದ ಶುರು ಮಾಡಬೇಕು" ಎಂದು ಕುಸಿದು ಕೂತರು.

ನೋಟ್‌ಪುಸ್ತಕ ತಿರುವಿದೆ. ಅವರು ಹೇಳಿದಷ್ಟು ಹಾಳಾಗಿರಲಿಲ್ಲ. ಮಾತ್ರೆ ತಪ್ಪಿರಲಿಲ್ಲ. ಬೆಲ್ಲ ಹಳೆಯ ಅಳತೆಗೆ ಹೋಗಿರಲಿಲ್ಲ, ಏಕೆಂದರೆ ನಾಲಿಗೆಗೆ ಈಗ ಅಷ್ಟು ಸಿಹಿ ಸೇರುತ್ತಿರಲಿಲ್ಲ. ನಡಿಗೆ ಇಲ್ಲ ಎಂದು ಬರೆದಿದ್ದ ದಿನಗಳಲ್ಲಿ ಅವರು ಕಣದಲ್ಲಿ ಕಾಫಿ ಕೆದಕುತ್ತಾ, ಚೀಲ ಎಣಿಸುತ್ತಾ ಇಡೀ ದಿನ ಕಾಲ ಮೇಲೆಯೇ ಇದ್ದರು. ತಪ್ಪಿದ್ದು ನಿಜವಾಗಿ ಎರಡು: ರಾತ್ರಿಯ ಊಟದ ಹೊತ್ತು ಮತ್ತು ನಿದ್ದೆ. ಹಾಗಾಗಿ ಕೊಯ್ಲಿನ ಕಾಲಕ್ಕೆ ಬೇರೆ ನಿಯಮ ಇಟ್ಟುಕೊಂಡೆವು. ಮಾತ್ರೆ ಮತ್ತು ಊಟದ ಹೊತ್ತು, ಇವೆರಡೇ. ಕೂಲಿ ಲೆಕ್ಕಕ್ಕೆ ಕೂರುವ ಮೊದಲೇ ಊಟ, ಲೆಕ್ಕ ಆಮೇಲೆ. ಉಳಿದದ್ದು ಗೋದಾಮು ಖಾಲಿಯಾದ ಮೇಲೆ.

ಅಳತೆಗೆ ಸಿಕ್ಕಿದ್ದು, ಸಿಗದಿದ್ದು

ಮರುವರ್ಷದ ಏಪ್ರಿಲ್‌ನಲ್ಲಿ ಪರೀಕ್ಷೆಗಳನ್ನು ಮತ್ತೆ ಮಾಡಿಸಿದೆವು. ಎಚ್‌ಬಿಎ1ಸಿ 6.3ರಿಂದ 5.9ಕ್ಕೆ ಬಂದಿತ್ತು. ಹೊಸ್ತಿಲಿನಿಂದ ಹಿಂದೆ ಸರಿದಿಲ್ಲ, ಆದರೆ ಬಾಗಿಲಿಗೆ ಒರಗಿಯೂ ನಿಂತಿಲ್ಲ. ತೂಕ 67, ಸೊಂಟ 89. ರಕ್ತದೊತ್ತಡ ಅದೇ ಒಂದು ಮಾತ್ರೆಯ ಮೇಲೆ 130/82. ಈ ಮಾತ್ರೆ ಬಿಡಬಹುದೇ ಎಂದು ಈಗಲೂ ಪ್ರತಿ ಸಲ ಕೇಳುತ್ತಾರೆ, ಈಗಲೂ ಬೇಡ ಎನ್ನುತ್ತೇನೆ. ತಾವಾಗಿ ಬಿಡುವುದಿಲ್ಲ, ಕೇಳುತ್ತಾರೆ, ಅದು ನನಗೆ ಸಾಕು. ಮಂಡಿ ನೋವು ಸ್ವಲ್ಪ ತಗ್ಗಿದೆ.

ನಿದ್ದೆ ಅರ್ಧ ಸರಿಹೋಗಿದೆ. ಬೇಗ ಹತ್ತುತ್ತದೆ, ನಡುರಾತ್ರಿ ಎರಡು ಮೂರು ಗಂಟೆಗೆ ಎಚ್ಚರವಾಗುತ್ತದೆ. ಮೊಬೈಲ್ ಗುಂಪಿನ ಸದ್ದು ನಿಲ್ಲಿಸಿದ್ದೇವೆ. ಆನೆ ಅವರ ತೋಟದ ಕಡೆ ತಿರುಗಿದರೆ ಮಾತ್ರ ಪಕ್ಕದ ತೋಟದ ಹುಡುಗ ಕರೆ ಮಾಡುತ್ತಾನೆ. ಆದರೂ ಬೇಲಿಯಾಚೆ ಬಿದಿರು ಮುರಿಯುವ ಸದ್ದಿಗೆ ಕಿವಿಗೊಟ್ಟು ಮಲಗುವ ಮನೆಯಲ್ಲಿ ನಿದ್ದೆಯ ಪಾಠ ಎಷ್ಟು ನಡೆಯುತ್ತದೆ? ಅದಕ್ಕೆ ನನ್ನ ಬಳಿ ಮದ್ದಿಲ್ಲ.

ಈ ಪ್ರಕರಣದ ನಂತರ ನನ್ನ ಕ್ಲಿನಿಕ್‌ನಲ್ಲಿ ಎರಡು ಮೂರು ಬದಲಾವಣೆ ಆಗಿವೆ. ಡ್ರಾಯರ್‌ನಲ್ಲಿ ಹಾಳೆ ಇಲ್ಲ. ಹೊಸಬರು ಬಂದರೆ ಮೊದಲು ನಿನ್ನೆಯ ದಿನ ಹೇಳಿಸುತ್ತೇನೆ, ಇದಕ್ಕೆ ಹದಿನೈದು ನಿಮಿಷ ಹಿಡಿಯುತ್ತದೆ, ಹೊರಗೆ ಕಾಯುವವರು ಗೊಣಗುತ್ತಾರೆ. ಮನೆಯಲ್ಲಿ ಕುಡಿಯುವ ಕಷಾಯ, ಪುಡಿ, ರಸಗಳ ಪೊಟ್ಟಣಗಳನ್ನು ಚೀಲದಲ್ಲಿ ಹಾಕಿ ತನ್ನಿ ಎನ್ನುತ್ತೇನೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ಇನ್ನಿಬ್ಬರ ಚೀಲದಲ್ಲಿಯೂ ಅತಿಮಧುರ ಸಿಕ್ಕಿತು. ಆ ಮನೆಯಲ್ಲಿ ಎಂದೂ ತಪ್ಪದ ಕೆಲಸ ಯಾವುದು ಎಂದು ಹುಡುಕುತ್ತೇನೆ: ಒಬ್ಬರಿಗೆ ಹಸು ಕರೆಯುವುದು, ಇನ್ನೊಬ್ಬರಿಗೆ ನೆಲ್ಲಕ್ಕಿ ಬಾಡೆಯಲ್ಲಿ (ಕೊಡವ ಮನೆಯ ನಡುಮನೆಯಲ್ಲಿ) ದೀಪ ಹಚ್ಚುವುದು. ಮಾತ್ರೆಯೋ ನಡಿಗೆಯೋ ಅದರ ಬೆನ್ನಿಗೇ ಬರಬೇಕು. ಒಂದು ಎಚ್ಚರಿಕೆ: ಈಗಾಗಲೇ ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿ ನಡಿಗೆ ಹೆಚ್ಚಿಸಿದರೆ ಸಕ್ಕರೆ ತೀರಾ ಇಳಿಯಬಹುದು. ಅವರು ತಮ್ಮ ವೈದ್ಯರನ್ನು ಕೇಳಿಯೇ ಬದಲಿಸಿಕೊಳ್ಳಬೇಕು.

ಕಳೆದ ಆಗಸ್ಟ್ 3ರಂದು, ಕೊಡವರ ಕಕ್ಕಡ ತಿಂಗಳ ಹದಿನೆಂಟರ ದಿನ, ಅಕ್ಕ ಫೋನ್ ಮಾಡಿ ಮದ್ದು ಸೊಪ್ಪಿನ ರಸದ ಮದ್ದು ಪಾಯಸ ಎಷ್ಟು ತಿನ್ನಬಹುದು ಎಂದು ಕೇಳಿದ್ದರು. ಹದಿನೆಂಟು ಬಗೆಯ ಔಷಧಿಗಳು ಆ ದಿನ ಮದ್ದು ಸೊಪ್ಪಿನಲ್ಲಿ ಕೂಡಿರುತ್ತವೆ ಎಂಬುದು ಇಲ್ಲಿನ ನಂಬಿಕೆ. ಮರುದಿನ ಮೂತ್ರ ಕೆಂಪಾಯಿತೆಂದು ಹೊರಗಿನಿಂದ ಬಂದ ಒಬ್ಬಿಬ್ಬರು ಗಾಬರಿಯಿಂದ ನನ್ನಲ್ಲಿಗೆ ಬರುವುದು ಪ್ರತಿ ವರ್ಷದ ಸಂಗತಿ, ಅದು ಸೊಪ್ಪಿನ ಬಣ್ಣ ಅಷ್ಟೇ. ವರ್ಷಕ್ಕೊಂದು ದಿನ, ಒಂದು ಬಟ್ಟಲು ತಿನ್ನಿ ಎಂದಿದ್ದೆ.

ಈ ಜೂನ್‌ನಲ್ಲಿ ನೋಟ್‌ಪುಸ್ತಕ ನೋಡುವಾಗ ಹಿಂದಿನ ಪುಟಗಳನ್ನೂ ತಿರುವಿದೆ. ಆಗಸ್ಟ್ 3ರ ಸಾಲಿನಲ್ಲಿ "ಪಾಯಸ ಎರಡು ಬಟ್ಟಲು" ಎಂದಿತ್ತು. ಈ ತಿಂಗಳ 18ನೇ ತಾರೀಖಿನಲ್ಲಿ, ಅದೇ ಪೆನ್ಸಿಲಿನ ದುಂಡು ಅಕ್ಷರಗಳಲ್ಲಿ: "ಮಾತ್ರೆ ಆಯಿತು. ಗೋದಾಮು ಎರಡು ಸಲ. ರಾತ್ರಿ ಹಲಸಿನ ಮರದ ಹತ್ತಿರ ಆನೆ, ನಿದ್ದೆ ಇಲ್ಲ. ಬೆಳಿಗ್ಗೆ ಕಾಫಿ ಮೂರು ಲೋಟ, ಬೆಲ್ಲದ ಲೆಕ್ಕ ಕೇಳಬೇಡಿ."